ಒಬ್ಬರೇ ನಡೆಸುವ ಹಾಯಿದೋಣಿ: ಹೊಸಬರು ಯಾವುದನ್ನು ತಗೊಳ್ಳಬೇಕು?

ನನ್ನ ತೂಕ 68 ಕಿಲೋ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ದೋಣಿ ತಗೊಳ್ಳುವಾಗ ಲೆಕ್ಕಕ್ಕೆ ಹಿಡಿಯಬೇಕಾಗಿದ್ದ ಅಂಕಿ ಅದೊಂದೇ, ಮತ್ತು ಅದೊಂದನ್ನು ಬಿಟ್ಟು ಉಳಿದ ಎಲ್ಲವನ್ನೂ ನಾನು ವಿಚಾರಿಸಿದ್ದೆ. ಎಷ್ಟು ಹಳತು ಎಂದು ಕೇಳಿದೆ, ಎಷ್ಟು ಸ್ಪೀಡು ಹೋಗುತ್ತದೆ ಎಂದು ಕೇಳಿದೆ, ಬೇರೆ ಬಣ್ಣದ್ದು ಉಂಟಾ ಎಂದೂ ಕೇಳಿದೆ. ಮಾರಿದವರು "ದೊಡ್ಡ ಹಾಯಿಯದ್ದೇ ತಗೊಳ್ಳಿ, ಚಿಕ್ಕದು ಹುಡುಗರಿಗೆ" ಎಂದರು. ನಲವತ್ತೊಂದು ವರ್ಷದ ಗಂಡಸಿಗೆ ಅಷ್ಟು ಹೇಳಿದರೆ ಸಾಕಲ್ವಾ? ತಗೊಂಡೆ. ಮೊದಲ ತಿಂಗಳು ದೋಣಿಯ ಮೇಲೆ ಇದ್ದದ್ದಕ್ಕಿಂತ ನೀರಿನಲ್ಲಿ ಇದ್ದದ್ದೇ ಜಾಸ್ತಿ.

ಹಾಗಾಗಿ ಇದು ಪಳಗಿದವರಿಗೆ ಬರೆದದ್ದಲ್ಲ. ಕಾಸರಗೋಡಿನ ಕಡೆ ಇದ್ದು, ಹೊಳೆಯೋ ಹಿನ್ನೀರೋ ಮನೆಗೆ ಹತ್ತಿರ ಇದ್ದು, ಒಂದು ಸಣ್ಣ ಹಾಯಿದೋಣಿ ಇದ್ದಿದ್ದರೆ ಎಂದು ಆಸೆಪಟ್ಟವರಿಗೆ. ನಾನು ಈಗ ಯಾವ ದೋಣಿಯನ್ನು ನೋಡಿದರೂ ಕೇಳುವುದು ಒಂದೇ ಪ್ರಶ್ನೆ: ಇದು ಮಗುಚಿದರೆ ನಾನು ಒಬ್ಬನೇ, ಸುಸ್ತಾಗಿದ್ದಾಗ, ಅದೂ ಮೂರನೆಯ ಸಲ, ಇದನ್ನು ಎತ್ತಿ ನಿಲ್ಲಿಸಿ ಮತ್ತೆ ಹತ್ತಿ ಕೂರಬಲ್ಲೆನಾ? ಹೌದು ಎಂದಾದರೆ ಅದು ನನ್ನ ದೋಣಿ. ಸ್ಪೀಡು, ಚಂದ, ಒಲಿಂಪಿಕ್ಸ್, ಎಲ್ಲ ಆಮೇಲೆ.

ಮೊದಲು ನೀರು ನೋಡಿ

ನನ್ನ ಮನೆ ಕುಂಬಳೆಯ ಹತ್ತಿರ. ಶಿರಿಯ ಹೊಳೆ ಮನೆಗೆ ಹತ್ತಿರವೇ, ಆದರೂ ದೋಣಿ ಬಿಡುವುದಕ್ಕೆ ತೆಂಕಲಿಗೆ, ಪಡನ್ನ–ವಲಿಯಪರಂಬದ ಹಿನ್ನೀರಿಗೆ ಹೋಗುತ್ತೇನೆ. ಪಡುವಲಲ್ಲಿ ಉದ್ದಕ್ಕೆ ಒಂದು ಮರಳಿನ ಪಟ್ಟಿ, ಅದರ ತುಂಬಾ ತೆಂಗು, ಅದರಾಚೆ ಸಮುದ್ರ. ಒಳಗಡೆ ಅಗಲವಾದ, ಹೆಚ್ಚು ಆಳ ಇಲ್ಲದ ನೀರು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಜಿಲ್ಲೆಯಲ್ಲಿ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಚಂದ್ರಗಿರಿ ಹೊಳೆ ಚಂದವೇ, ಆದರೆ ಇಳಿತದ ಹೊತ್ತಿಗೆ ನೀರು ಅಳಿವೆಯ ಕಡೆಗೆ ಎಳೆಯುತ್ತದೆ, ಅಲ್ಲಿ ಗಾಳಿ ಕೈಕೊಟ್ಟರೆ ನೀವು ಹೋಗುವುದು ನಿಮಗೆ ಬೇಕಾದ ಕಡೆಗಲ್ಲ.

ಗಾಳಿಯ ಲೆಕ್ಕ ಹೀಗೆ. ಡಿಸೆಂಬರ್‌ನಿಂದ ಮೇ ತನಕ ಬೆಳಿಗ್ಗೆ ಮೂಡುಗಾಳಿ, ನೆಲದಿಂದ ಸಮುದ್ರಕ್ಕೆ, ತೆಳುವಾಗಿ. ಹನ್ನೊಂದು, ಹನ್ನೆರಡು ಗಂಟೆಯ ಹೊತ್ತಿಗೆ ಅದು ಸತ್ತುಹೋಗುತ್ತದೆ. ಆಮೇಲೆ ಪಡುಗಾಳಿ ಹುಟ್ಟಿ, ವಾಯವ್ಯಕ್ಕೆ ತಿರುಗಿ, ಮೂರು–ನಾಲ್ಕು ಗಂಟೆಗೆ ಜೋರಾಗಿ, ಸಂಜೆಗೆ ಇಳಿಯುತ್ತದೆ. ಹೊಸಬರಿಗೆ ಬೆಳಗಿನ ತೆಳು ಗಾಳಿ ಸುಲಭ ಎಂದು ಕಾಣುತ್ತದೆ. ಆದರೆ ತೆರೆದ ಸಮುದ್ರದಲ್ಲಿ ಅದೇ ಅಪಾಯದ್ದು, ದಡದಲ್ಲಿ ಏನೂ ಇಲ್ಲದ ಹಾಗೆ ಇದ್ದು ನಿಮ್ಮನ್ನು ಮೆಲ್ಲನೆ ಹೊರಕ್ಕೆ ಕರಕೊಂಡು ಹೋಗುತ್ತದೆ. ಮಧ್ಯಾಹ್ನದ ಗಾಳಿ ಗಲಾಟೆ ಮಾಡಿದರೂ ಮನೆಗೇ ತಳ್ಳುತ್ತದೆ. ಹಿನ್ನೀರಿನಲ್ಲಿ ಏನೇ ಎಡವಟ್ಟಾದರೂ ಮೂಡು ದಡದ ಯಾರದೋ ತೆಂಗಿನ ತೋಟಕ್ಕೆ ಹೋಗಿ ಬೀಳುತ್ತೀರಿ, ಅಷ್ಟೇ. ನಾನು ಬಿದ್ದಿದ್ದೇನೆ. ಬೊಂಡ ಕೊಟ್ಟು ಕಳಿಸಿದರು.

ಇನ್ನೂ ಎರಡು ಸಂಗತಿ ಉಂಟು. ಒಂದು, ಪಡು ಬದಿಯ ತೆಂಗಿನ ಮರೆಯಲ್ಲಿ ಗಾಳಿ ಇರುವುದೇ ಇಲ್ಲ, ಮರಗಳ ನಡುವೆ ಸಂದಿ ಬಂದಲ್ಲಿ ಮಾತ್ರ ಒಮ್ಮೆಗೇ ರಪ್ಪನೆ ಹೊಡೆಯುತ್ತದೆ. ಎರಡು, ಪಚ್ಚಿಲೆ, ಅಂದರೆ ತಿನ್ನುವ ಒಂದು ಬಗೆಯ ಚಿಪ್ಪು. ಅಲ್ಲಿಯವರ ಬಾಯಲ್ಲಿ ಕಲ್ಲುಮ್ಮಕ್ಕಾಯಿ. ಮಳೆಗಾಲ ಮುಗಿದ ಮೇಲೆ ಬಿದಿರು ನೆಟ್ಟು ಹಗ್ಗ ಇಳಿಬಿಟ್ಟು ಬೆಳೆಸುತ್ತಾರೆ, ಬೇಸಿಗೆಯ ಕೊನೆಗೆ ಕೊಯ್ಲು. ನಾವು ದೋಣಿ ಬಿಡುವ ತಿಂಗಳುಗಳೂ ಅವೇ. ಆ ಚಪ್ಪರಗಳ ನಡುವೆ ನುಗ್ಗಿದರೆ ನಿಮ್ಮ ದೋಣಿಗೂ ಕೇಡು, ಬೇರೆಯವರ ಅನ್ನಕ್ಕೂ ಕೇಡು. ಹಾಗಾಗಿ ನಮ್ಮ ಕಡೆಯ ದೋಣಿಗೆ ಚುಕ್ಕಾಣಿ ಮೇಲಕ್ಕೆ ಮಡಚುವಂತಿರಬೇಕು, ತಳದಿಂದ ನೀರಿಗೆ ಇಳಿಸುವ ಹಲಗೆ ಒಂದೇ ಕೈಯಲ್ಲಿ ಎಳೆದರೆ ಬರುವಂತಿರಬೇಕು.

"ಊರ ಫೈಬರ್ ದೋಣಿಗೆ ಒಂದು ಹಾಯಿ ಕಟ್ಟಿದರೆ ಆಗದಾ ಮಾರಾಯ್ರೆ?"

ಇದನ್ನು ಎಲ್ಲರೂ ಕೇಳುತ್ತಾರೆ, ಮೊದಲು ಕೇಳಿದ್ದು ನನ್ನ ಭಾವ. ಆಗುತ್ತದೆ, ಗಾಳಿ ಹೋಗುವ ಕಡೆಗೆ ಹೋಗುವುದಾದರೆ. ವಾಪಸು ಬರುವುದಕ್ಕೆ ಆಗುವುದಿಲ್ಲ. ಹಾಯಿಗೆ ಗಾಳಿ ಬದಿಯಿಂದ ಬಿದ್ದಾಗ ದೋಣಿ ಮುಂದಕ್ಕೂ ಹೋಗಲು ನೋಡುತ್ತದೆ, ಅಡ್ಡಕ್ಕೂ ಜಾರುತ್ತದೆ. ಆ ಅಡ್ಡ ಜಾರುವಿಕೆಯನ್ನು ತಡೆಯುವುದು ದೋಣಿಯ ನಡುವಿನ ಸೀಳಿನಿಂದ ನೀರಿಗೆ ಇಳಿಸುವ ಹಲಗೆ. ಡ್ಯಾಗರ್‌ಬೋರ್ಡ್ ಎನ್ನುತ್ತಾರೆ. ಅದು ಇದ್ದರೆ ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಂಕುಡೊಂಕಾಗಿ ಎದುರುಗಾಳಿಗೇ ಏರಬಹುದು. ಊರ ದೋಣಿಯ ಚಪ್ಪಟೆ ತಳಕ್ಕೆ ಅದು ಇಲ್ಲ. ಆ ದೋಣಿ ಮಾಡಿದವರಿಗೆ ಹಾಯಿಯ ಯೋಚನೆಯೇ ಇರಲಿಲ್ಲ, ತಪ್ಪು ಅವರದ್ದಲ್ಲ.

ಸರಿ, ಈಗ ತೂಕ

ಈ ಸಣ್ಣ ದೋಣಿಗಳಲ್ಲಿ ತಳಕ್ಕೆ ಕಬ್ಬಿಣದ ಭಾರ ಇಲ್ಲ. ದೋಣಿಯನ್ನು ನೆಟ್ಟಗೆ ಇಡುವ ಭಾರ ನೀವೇ. ಗಾಳಿ ಹಾಯಿಯನ್ನು ಒಂದು ಕಡೆಗೆ ಒತ್ತುತ್ತದೆ, ನೀವು ಎದುರು ಅಂಚಿನ ಮೇಲೆ ಕೂತು ಬೆನ್ನು ಹೊರಕ್ಕೆ ಚಾಚುತ್ತೀರಿ. ಅಲ್ಲಿಗೆ ತಕ್ಕಡಿ ಸಮ. ಗಾಳಿಯ ಒತ್ತಡ ಅದರ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಗಂಟೆಗೆ 20 ಕಿಲೋಮೀಟರ್ ಇದ್ದದ್ದು 28 ಆದರೆ ಒತ್ತಡ ಹೆಚ್ಚುಕಮ್ಮಿ ಎರಡು ಪಟ್ಟು. ನಿಮ್ಮ ತೂಕ ಮಾತ್ರ ಅಷ್ಟೇ ಇರುತ್ತದೆ. ದಡದಲ್ಲಿ ನಿಂತು ನೋಡಿದರೆ ಗಾಳಿ ಸ್ವಲ್ಪ ಜೋರಾದ ಹಾಗೆ ಕಾಣುತ್ತದೆ, ದೋಣಿಯಲ್ಲಿ ಕೂತವನಿಗೆ ಯಾರೋ ಬಂದು ಹಾಯಿಗೆ ಜೋತುಬಿದ್ದ ಹಾಗೆ ಆಗುತ್ತದೆ. ಅದಕ್ಕೇ ಹಾಯಿಯ ಅಳತೆ ನಿಮ್ಮ ತೂಕಕ್ಕೆ ಹೊಂದಬೇಕು. ಗಂಡಸು ಹೆಂಗಸು, ಹುಡುಗ ದೊಡ್ಡವ ಎಂಬ ಮಾತೇ ಇಲ್ಲಿ ಬರುವುದಿಲ್ಲ.

ಲೇಸರ್, ಅಂದರೆ ಈಗಿನ ಐಎಲ್‌ಸಿಎ

ನಮ್ಮ ದೇಶದಲ್ಲಿ ದೊಡ್ಡವರಿಗೆ ಒಬ್ಬರೇ ನಡೆಸುವ ದೋಣಿ ಎಂದರೆ ಹೆಚ್ಚಾಗಿ ಕಣ್ಣಿಗೆ ಬೀಳುವುದು ಇದೇ. ಕೆನಡಾದ ಬ್ರೂಸ್ ಕರ್ಬಿ ಎನ್ನುವವರು ವಿನ್ಯಾಸ ಮಾಡಿದ್ದು, 1971ರಲ್ಲಿ ಮಾರುಕಟ್ಟೆಗೆ ಬಂತು. ಇಲ್ಲಿಯ ತನಕ ಜಗತ್ತಿನಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ದೋಣಿಗಳು ತಯಾರಾಗಿವೆ. 1996ರಿಂದ ಒಲಿಂಪಿಕ್ಸ್‌ನಲ್ಲಿ ಉಂಟು. ಹೆಸರಿನ ಹಕ್ಕಿನ ತಗಾದೆಯಿಂದ 2019ರಲ್ಲಿ ಐಎಲ್‌ಸಿಎ ಎಂದು ಆಯಿತು, ಆದರೆ ಎಲ್ಲರ ಬಾಯಲ್ಲಿ ಈಗಲೂ ಲೇಸರ್. ಉದ್ದ 4.2 ಮೀಟರ್, ಬರೀ ದೋಣಿಯ ಒಡಲು 59 ಕಿಲೋ ಆಸುಪಾಸು. ಒಂದು ಅಕ್ಕಿ ಮೂಟೆಗಿಂತ ಸ್ವಲ್ಪ ಜಾಸ್ತಿ ಎಂದು ಇಟ್ಟುಕೊಳ್ಳಿ, ಆದರೆ ಮೂಟೆಯ ಹಾಗೆ ಹೆಗಲಿಗೆ ಏರಿಸಲಿಕ್ಕೆ ಬರುವುದಿಲ್ಲ.

ಇದರ ದೊಡ್ಡ ಗುಣ, ಒಡಲು ಒಂದೇ, ಹಾಯಿ ಮೂರು. ಐಎಲ್‌ಸಿಎ 7ರ ಹಾಯಿ 7.06 ಚದರ ಮೀಟರ್, 6ರದ್ದು 5.76, 4ರದ್ದು 4.7. ಹಳೆಯ ಹೆಸರಲ್ಲಿ ಸ್ಟ್ಯಾಂಡರ್ಡ್, ರೇಡಿಯಲ್, 4.7. ಬದಲಾಗುವುದು ಹಾಯಿ ಮತ್ತು ಕಂಬದ ಕೆಳಗಿನ ತುಂಡು ಮಾತ್ರ, ಮೇಲಿನ ತುಂಡು, ಬೂಮ್ (ಹಾಯಿಯ ಕೆಳಗಿನ ಅಡ್ಡ ಕೋಲು), ಚುಕ್ಕಾಣಿ ಎಲ್ಲ ಅದೇ. ಅಂದಾಜಿಗೆ 75 ಕಿಲೋಗೆ ಮೇಲಿದ್ದು ಗಟ್ಟಿಮುಟ್ಟಾಗಿದ್ದರೆ 7, ಅರವತ್ತರಿಂದ ಎಪ್ಪತ್ತರ ಆಚೀಚೆ ಇದ್ದರೆ 6, ಅದಕ್ಕೂ ಕಮ್ಮಿ ಇದ್ದರೆ 4. ಇದು ರೇಸಿನವರ ಲೆಕ್ಕ. 75 ಕಿಲೋಗೆ ಮೇಲಿನ ಹೊಸಬರು ಒಂದು ಮೆಟ್ಟಿಲು ಕೆಳಗೇ ಶುರು ಮಾಡಿ. 80 ಕಿಲೋ ಇದ್ದರೂ ಮೊದಲ ವರ್ಷ 6ರ ಹಾಯಿ ಸಾಕು, ಗಾಳಿ ಕಮ್ಮಿ ಇದ್ದ ದಿನ ಸ್ವಲ್ಪ ಆಮೆ ಹಾಗೆ ಹೋಗುತ್ತೀರಿ ಅಷ್ಟೇ.

ನಾನು 68 ಕಿಲೋ ಇಟ್ಟುಕೊಂಡು 7.06ರ ಹಾಯಿ ಕಟ್ಟಿದ್ದೆ. ಮಧ್ಯಾಹ್ನ ಎರಡೂವರೆ ತನಕ ರಾಜ, ಮೂರು ಗಂಟೆಯ ಮೇಲೆ ಒದ್ದೆ ಕೋಳಿ. ಆಮೇಲೆ ಕೆಳಗಿನ ಕಂಬದ ತುಂಡು ಮತ್ತು ರೇಡಿಯಲ್ ಹಾಯಿ ಹಳತು ಸಿಕ್ಕಿತು, ಹಾಕಿದೆ. ಅದೇ ದೋಣಿ, ಅದೇ ಹಿನ್ನೀರು, ಅದೇ ನಾನು, ಒಂದು ವಾರದಲ್ಲಿ ದೋಣಿ ನನ್ನ ಮಾತು ಕೇಳಲು ಶುರುವಾಯಿತು.

ಚಿಕ್ಕ ಹಾಯಿ ಎಂದರೆ ನಾಚಿಕೆ ಪಡುವವರಿಗೆ ಒಂದು ಮಾತು. ನೇತ್ರಾ ಕುಮನನ್ ಟೋಕಿಯೊ ಒಲಿಂಪಿಕ್ಸಿಗೆ ಹೋದದ್ದು ರೇಡಿಯಲ್‌ನಲ್ಲಿ. ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ನೇಹಾ ಠಾಕೂರ್ ಬೆಳ್ಳಿ ಗೆದ್ದದ್ದು ಎಲ್ಲಕ್ಕಿಂತ ಚಿಕ್ಕ ಹಾಯಿಯ ಐಎಲ್‌ಸಿಎ 4ರಲ್ಲಿ. ಅದೇ ಕೂಟದಲ್ಲಿ ವಿಷ್ಣು ಸರವಣನ್‌ಗೆ 7ರಲ್ಲಿ ಕಂಚು ಬಂತು. ನಮ್ಮ ಗಡಿ ದಾಟಿದರೆ ಸಿಗುವ ಏಳಿಮಲದ ನೌಕಾ ಅಕಾಡೆಮಿಯಲ್ಲಿ ಅಡ್ಮಿರಲ್ಸ್ ಕಪ್ ನಡೆಯುತ್ತದಲ್ಲ, ಎಟ್ಟಿಕುಳಂ ಬೀಚಿನ ಎದುರು, ಅಲ್ಲಿ ಬೇರೆ ಬೇರೆ ದೇಶದ ಕೆಡೆಟ್‌ಗಳು ಓಡಿಸುವುದೂ ರೇಡಿಯಲ್ಲೇ. (ನೋಡಲು ಆಸೆ ಆದರೂ ನಿಮ್ಮ ದೋಣಿ ತಗೊಂಡು ಆ ಕಡೆ ಸುಳಿಯಬೇಡಿ. ನೌಕಾಪಡೆಯ ಜಾಗ.)

ಕೊರತೆಗಳೂ ಉಂಟು. ಬೂಮ್ ತುಂಬಾ ತಗ್ಗು, ತಿರುಗುವಾಗ ತಲೆ ಬಗ್ಗಿಸದಿದ್ದರೆ ಬುದ್ಧಿ ಅದೇ ಕಲಿಸುತ್ತದೆ. ಕೂರುವ ಗುಳಿ ಕಿರಿದು, ಮೊಣಕಾಲಿನ ತೊಂದರೆ ಇದ್ದವರಿಗೆ ಅರ್ಧ ಗಂಟೆ ಕಷ್ಟ. ಎಲ್ಲಕ್ಕಿಂತ ಮುಖ್ಯ, ಹಾಯಿಯನ್ನು ಕಂಬಕ್ಕೆ ದಿಂಬಿನ ಕವರಿನ ಹಾಗೆ ತೊಡಿಸುತ್ತಾರೆ, ಹಗ್ಗ ಬಿಚ್ಚಿ ಕೆಳಗೆ ಇಳಿಸುವ ವ್ಯವಸ್ಥೆ ಇಲ್ಲ. ಹಾಗಾಗಿ ನೀರಿನ ನಡುವೆ ಗಾಳಿ ಜೋರಾದರೆ ಹಾಯಿ ಇಳಿಸಿ ಸುಮ್ಮನೆ ಕೂರುತ್ತೇನೆ ಎಂದರೆ ಆಗುವುದಿಲ್ಲ. ಹಗ್ಗ ಸಡಿಲ ಬಿಟ್ಟು ಹಾಯಿಯನ್ನು ಬಾವುಟದ ಹಾಗೆ ಬಡಿದುಕೊಳ್ಳಲು ಬಿಡಬಹುದು, ಅಷ್ಟೇ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಸನ್‌ಫಿಶ್

ಅಮೆರಿಕದ್ದು, 1952ರದ್ದು. ಹಾಯಿ ತ್ರಿಕೋನ, ಎರಡು ಉದ್ದ ಕೋಲುಗಳ ನಡುವೆ ಚಾಚಿಕೊಂಡು ಒಂದು ಗಿಡ್ಡ ಕಂಬಕ್ಕೆ ಓರೆಯಾಗಿ ತೂಗುತ್ತದೆ. ನಮ್ಮ ಕರಾವಳಿಯ ಹಳಬರಿಗೆ ಇದನ್ನು ತೋರಿಸಿದರೆ ಹೊಸತು ಎನ್ನಿಸುವುದಿಲ್ಲ, ಹಿಂದೆ ಸರಕು ಸಾಗಿಸುತ್ತಿದ್ದ ಹಾಯಿಹಡಗು ಪತ್ತೆಮಾರಿಯ ಹಾಯಿಗೆ ಹತ್ತಿರದ ನೆಂಟ. ಹೊಳೆ ಬದಿಯ ಒಬ್ಬ ಅಜ್ಜನಿಗೆ ಫೋನಿನಲ್ಲಿ ಎರಡೂ ಚಿತ್ರ ತೋರಿಸಿದ್ದೆ. ಲೇಸರನ್ನು ನೋಡಿ "ಇದೆಂಥದ್ದು, ಕೊಕ್ಕರೆಯ ಹಾಗೆ" ಎಂದರು, ಇದನ್ನು ನೋಡಿ "ಹಾಂ, ಇದು ಹಾಯಿ" ಎಂದರು.

ಉದ್ದ, ತೂಕ ಎರಡೂ ಲೇಸರಿನಷ್ಟೇ, ಹಾಯಿ ಏಳು ಚದರ ಮೀಟರಿಗೆ ಹತ್ತಿರ. ಆದರೆ ಹಾಯಿಯ ಭಾರ ಎಲ್ಲ ತಗ್ಗಿನಲ್ಲಿ ಇರುವುದರಿಂದ ಅಷ್ಟು ಬೇಗ ಮಗುಚುವುದಿಲ್ಲ. ಮುಖ್ಯವಾಗಿ ಹಗ್ಗ ಬಿಚ್ಚಿದರೆ ಹಾಯಿ ಕೆಳಗೆ ಬರುತ್ತದೆ. ಸೇತುವೆ ಎದುರಾದರೆ, ಗಾಳಿ ಮಿತಿಮೀರಿದರೆ, ಇಳಿಸಿ ಹುಟ್ಟು ಹಾಕಬಹುದು. ಎದುರುಗಾಳಿಗೆ ಏರುವುದರಲ್ಲಿ ಲೇಸರಿಗಿಂತ ಹಿಂದೆ. ರೇಸ್ ಬೇಡ, ಸಂಜೆ ಎರಡು ಗಂಟೆ ಸುತ್ತಾಡಿದರೆ ಸಾಕು ಎನ್ನುವವರಿಗೆ, ಮೈ ಸ್ವಲ್ಪ ಭಾರ ಇದ್ದವರಿಗೆ, ಐವತ್ತು ದಾಟಿದವರಿಗೆ, ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತಿದ್ದೆ. ತೊಂದರೆ ಒಂದೇ, ನಮ್ಮಲ್ಲಿ ಸಿಗುವುದು ಅಪರೂಪ. ಸಿಕ್ಕರೂ ಒಂದು ಸಾಮಾನು ಮುರಿದರೆ ತರಿಸಿಕೊಳ್ಳುವುದಕ್ಕೆ ಕಾಯಬೇಕು.

ಮಕ್ಕಳಿಗಾದರೆ

ಆಪ್ಟಿಮಿಸ್ಟ್. ಬೇರೆ ಯೋಚನೆಯೇ ಬೇಡ. 1947ರಲ್ಲಿ ಫ್ಲೋರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎನ್ನುವವರು ಪ್ಲೈವುಡ್ಡಿನಲ್ಲಿ ಮಾಡಿದ್ದು, ನೋಡಲಿಕ್ಕೆ ಮೂತಿ ಕತ್ತರಿಸಿದ ಡಬ್ಬದ ಹಾಗೆ. ಉದ್ದ 2.3 ಮೀಟರ್ ಚಿಲ್ಲರೆ, ತೂಕ 35 ಕಿಲೋ, ಹದಿನೈದು ವರ್ಷದ ತನಕ ಮಕ್ಕಳ ರೇಸು ಇದರಲ್ಲಿ. ಮಗುಚಿದರೆ ಒಳಗೆಲ್ಲ ನೀರು ತುಂಬುತ್ತದೆ, ಗಾಳಿಚೀಲಗಳು ಇರುವುದರಿಂದ ಮುಳುಗುವುದಿಲ್ಲ, ಆದರೆ ಮಗು ಕೂತು ಮೊಗೆದು ಹೊರಕ್ಕೆ ಚೆಲ್ಲಬೇಕು. ಮೊಗೆಯುವ ಡಬ್ಬವನ್ನು ಹಗ್ಗದಲ್ಲಿ ದೋಣಿಗೆ ಕಟ್ಟಿಡಿ. ಕಟ್ಟದಿದ್ದರೆ ಅದು ಮೊದಲ ದಿನವೇ ಮೀನು ಹಿಡಿಯುವವರಿಗೆ ಸಿಗುವುದು, ನಿಮಗಲ್ಲ. ದೊಡ್ಡವರು "ಕಲಿಯಲಿಕ್ಕೆ ಅಲ್ವಾ, ನಾನೂ ಇದರಲ್ಲೇ" ಎಂದು ಹತ್ತಬೇಡಿ, ಮೊಣಕಾಲು ಗದ್ದಕ್ಕೆ ಬರುತ್ತದೆ.

ಹದಿಮೂರು, ಹದಿನಾಲ್ಕು ದಾಟಿದ, ಇನ್ನೂ ತೆಳ್ಳಗಿರುವ ಮಕ್ಕಳಿಗೆ ಟಾಪರ್ ಎಂಬ ದೋಣಿ ಉಂಟು. ಇಯಾನ್ ಪ್ರಾಕ್ಟರ್ ವಿನ್ಯಾಸ, 3.4 ಮೀಟರ್ ಉದ್ದ, 43 ಕಿಲೋ, ಹಾಯಿ 5.2 ಚದರ ಮೀಟರ್. ಒಡಲು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕು. ಇದು ಕೀಳು ಮಾತಲ್ಲ. ನಮ್ಮ ದಡಗಳಲ್ಲಿ ಮುರಕಲ್ಲು, ಚಿಪ್ಪು, ಒಡೆದ ಬಾಟಲಿ ಎಲ್ಲ ಇರುತ್ತದೆ. ಫೈಬರಿನ ದೋಣಿ ಎಳೆದರೆ ಗೀರು ಬಿದ್ದು ನೀರು ಕುಡಿಯುತ್ತದೆ, ಪ್ಲಾಸ್ಟಿಕ್ಕಿನದ್ದು ಗೀರು ಬಿದ್ದರೂ ಹಾಗೇ ಇರುತ್ತದೆ. 55 ಕಿಲೋದ ಒಳಗಿನ ದೊಡ್ಡವರಿಗೂ ಆಗುತ್ತದೆ.

ಆರ್‌ಎಸ್ ಏರೋ: ಕಣ್ಣಿಗೆ ಹಬ್ಬ

2014ರಲ್ಲಿ ಬಂದದ್ದು. ಉದ್ದ 4 ಮೀಟರ್, ಒಡಲು ಬರೀ 30 ಕಿಲೋ. ಲೇಸರಿನ ಅರ್ಧ! ಕಂಬ ಕಾರ್ಬನ್. ಒಬ್ಬರೇ ಎತ್ತಿ ಜೀಪಿನ ಮೇಲೆ ಇಡಬಹುದು. ಗಾಳಿ ಸ್ವಲ್ಪ ಸಿಕ್ಕರೂ ಹಾರುತ್ತದೆ. ಇದಕ್ಕೂ ಬೇರೆ ಬೇರೆ ಅಳತೆಯ ಹಾಯಿ ಉಂಟು. ಆದರೆ ಹಗುರ ದೋಣಿ ಎಂದರೆ ನಿಮ್ಮ ಒಂದೊಂದು ಅಲುಗಾಟಕ್ಕೂ ಅದು ಉತ್ತರ ಕೊಡುತ್ತದೆ, ಹೊಸಬರ ಅಲುಗಾಟ ಜಾಸ್ತಿ. ದುಡ್ಡೂ ಜಾಸ್ತಿ. ಕಾರ್ಬನ್ ಕಂಬ ಮುರಿದರೆ ಕುಂಬಳೆಯಲ್ಲಿ ಯಾರ ಹತ್ತಿರ ಹೋಗುವುದು? ಅಲ್ಯೂಮಿನಿಯಂ ಬಗ್ಗಿದರೆ ವೆಲ್ಡಿಂಗ್ ಅಂಗಡಿಯವರು ತಲೆ ಕೆರೆದುಕೊಂಡಾದರೂ ಏನೋ ಮಾಡಿಕೊಡುತ್ತಾರೆ. ಸೊಂಟನೋವು ಇದ್ದು, ದೋಣಿ ಎತ್ತಲು ಜತೆಗೆ ಯಾರೂ ಇಲ್ಲದೆ, ಜೇಬು ಗಟ್ಟಿ ಇದ್ದರೆ ಮಾತ್ರ ಇದು.

ಫಿನ್ ಎಂಬ ಇನ್ನೊಂದರ ಚಿತ್ರ ನೋಡಿ ಮನಸೋಲುವವರು ಇದ್ದಾರೆ. 1952ರಿಂದ ಟೋಕಿಯೊ ತನಕ ಒಲಿಂಪಿಕ್ಸಿನಲ್ಲಿ ಇದ್ದ ದೋಣಿ, ಹಾಯಿ ಹತ್ತು ಚದರ ಮೀಟರ್, ಒಡಲು ನೂರು ಕಿಲೋಗೆ ಮೇಲೆ. ಕುಸ್ತಿ ಪೈಲ್ವಾನರಿಗೆ. ಮುಂದೆ ಹೋಗೋಣ.

ಮಗುಚಿದಾಗ

ಇದನ್ನು ಓದಿ ಮುಗಿಸಿದ ಮೇಲೆ ಉಳಿದದ್ದೆಲ್ಲ ಮರೆತರೂ ಅಡ್ಡಿ ಇಲ್ಲ. ದೋಣಿ ಬದಿಗೆ ಬಿದ್ದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಹಾಯಿಯ ಹಗ್ಗ ಕೈಯಲ್ಲಿ ಹಿಡಿದೇ ಇರುವುದು. ಲೇಸರ್ ಬದಿಗೆ ಬಿದ್ದಾಗ ನೀರಿನ ಮೇಲೆ ಎತ್ತರಕ್ಕೆ ತೇಲುತ್ತದೆ, ಗಾಳಿ ಅದನ್ನು ನೀವು ಈಜುವುದಕ್ಕಿಂತ ಬೇಗ ತಳ್ಳಿಕೊಂಡು ಹೋಗುತ್ತದೆ. ಎರಡನೆಯದು, ಹಿಂದಿನಿಂದ ಸುತ್ತಿಕೊಂಡು ತಳದ ಕಡೆಗೆ ಬಂದು ಡ್ಯಾಗರ್‌ಬೋರ್ಡ್ ಹಿಡಿಯುವುದು. ಅದು ಪೂರ್ತಿ ಇಳಿದಿರಬೇಕು. ಅದರ ಮೇಲೆ, ಒಡಲಿಗೆ ತಾಗಿದ ಹಾಗೆ, ಕಾಲಿಟ್ಟು ಅಂಚು ಹಿಡಿದು ಹಿಂದಕ್ಕೆ ಬಾಗಿದರೆ ಹಾಯಿ ಮೆಲ್ಲನೆ ನೀರಿನಿಂದ ಏಳುತ್ತದೆ. ತುದಿಯಲ್ಲಿ ನಿಂತು ಕುಣಿದರೆ ಹಲಗೆ ಮುರಿಯುತ್ತದೆ. ದೋಣಿಯ ಮೂತಿ ಗಾಳಿಗೆ ಎದುರಾಗಿದ್ದರೆ ಸಲೀಸು, ಇಲ್ಲದಿದ್ದರೆ ಎದ್ದ ದೋಣಿ ಇನ್ನೊಂದು ಬದಿಗೆ ನಿಮ್ಮ ತಲೆ ಮೇಲೆಯೇ ಬೀಳುತ್ತದೆ.

ನಮ್ಮ ಹಿನ್ನೀರಿನಲ್ಲಿ ಇನ್ನೊಂದು ಗ್ರಹಚಾರ ಉಂಟು. ನೀರು ಎರಡಾಳೂ ಇಲ್ಲ, ಕಂಬ ಆರು ಮೀಟರ್ ಹತ್ತಿರ. ದೋಣಿ ತಲೆಕೆಳಗಾಗಲು ಹೊರಟರೆ ಕಂಬದ ತುದಿ ಕೆಸರಿಗೆ ಹೋಗಿ ಚುಚ್ಚುತ್ತದೆ. ನನ್ನದು ಚುಚ್ಚಿದ್ದು ಜನವರಿಯ ಒಂದು ಶನಿವಾರ, ಸುಮಾರು ಮೂರೂವರೆಗೆ. ಹಲಗೆಯ ಮೇಲೆ ನಿಂತು ಎಷ್ಟು ಬಾಗಿದರೂ ದೋಣಿ ಹಂದಲಿಲ್ಲ. ಭರತ ಏರುತ್ತಾ ಇತ್ತು, ಗಾಳಿ ದೋಣಿಯನ್ನು ತಳ್ಳುತ್ತಾ ಇತ್ತು, ಕೆಳಗೆ ಕಂಬ ಬಗ್ಗುತ್ತಿರುವುದು ಅಂಗಾಲಿಗೆ ಗೊತ್ತಾಗುತ್ತಿತ್ತು. ಪಚ್ಚಿಲೆಯ ಚಪ್ಪರದ ಹತ್ತಿರ ಇದ್ದ ಇಬ್ಬರು ದೋಣಿ ತಗೊಂಡು ಬಂದರು. ಒಬ್ಬರು ನನ್ನನ್ನು ನೋಡಿ ನಗಲೂ ಇಲ್ಲ, ಬೈಯಲೂ ಇಲ್ಲ. ಹಗ್ಗ ಕಟ್ಟಿ, ಚುಚ್ಚಿದ ದಿಕ್ಕಿಗೇ ವಾಪಸು ಎಳೆದರು, ಪಕ್ಕಕ್ಕಲ್ಲ. ಪುಳಕ್ ಎಂದು ಬಂತು. ಕಂಬದ ತುದಿಯಲ್ಲಿ ಒಂದು ಗೇಣು ಕಪ್ಪು ಕೆಸರು, ಮೇಲಿನ ತುಂಡು ಬಾಳೆಕಾಯಿಯ ಹಾಗೆ ಬಾಗಿತ್ತು. ಅಂದಿನಿಂದ ಕಂಬದ ತುದಿಗೆ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು, ಮುಚ್ಚಳ ಬಿಗಿಮಾಡಿ, ಕಟ್ಟುತ್ತೇನೆ. ನೋಡಲು ಕೊಳಕು. ಆದರೆ ಬದಿಗೆ ಬಿದ್ದ ದೋಣಿ ಬದಿಗೇ ನಿಲ್ಲುತ್ತದೆ, ತಲೆಕೆಳಗಾಗುವುದಿಲ್ಲ.

ಹಾಗಾಗಿ ದುಡ್ಡು ಕೊಡುವ ಮೊದಲು ಆ ದೋಣಿಯನ್ನು ಬೇಕೆಂದೇ ಒಮ್ಮೆ ಮಗುಚಿ ನೋಡಿ. ಮಾರುವವರು ಬೇಡ ಎಂದರೆ ನೀವೂ ಬೇಡ ಎನ್ನಿ.

ಹಳತು ತಗೊಳ್ಳುವಾಗ

ಹೊಸ ಐಎಲ್‌ಸಿಎ ಎಂದರೆ ಒಂದು ಸಣ್ಣ ಕಾರಿನ ದುಡ್ಡು. ಮೊದಲ ದೋಣಿ ಹಳತೇ ಇರಲಿ. ಚೆನ್ನೈ, ಮುಂಬೈ, ಹೈದರಾಬಾದಿನ ಕ್ಲಬ್ಬುಗಳ ಕಡೆ ವಿಚಾರಿಸಿದರೆ ಸಿಗುತ್ತದೆ. ನೋಡಬೇಕಾದ್ದು ಇಷ್ಟು. ಕಂಬ ಕೂರುವ ತೂತಿಗೆ ಒಂದು ಚೊಂಬು ನೀರು ಹಾಕಿ ಕಾಲು ಗಂಟೆ ಬಿಡಿ. ನೀರು ಹಾಗೇ ನಿಂತಿದ್ದರೆ ಸರಿ, ಇಳಿದಿದ್ದರೆ ಆ ದೋಣಿ ಒಳಗೊಳಗೆ ನೀರು ಕುಡಿಯುತ್ತದೆ, ಮುಂದೊಂದು ದಿನ ಕಂಬ ಬುಡಸಮೇತ ಕಿತ್ತು ಬರುತ್ತದೆ. ಮೇಲ್ಮೈಯನ್ನು ಹೆಬ್ಬೆರಳಿನಲ್ಲಿ ಅಲ್ಲಲ್ಲಿ ಒತ್ತಿ, ಹಣ್ಣು ಪಪ್ಪಾಯಿಯ ಹಾಗೆ ಒಳಗೆ ಹೋದರೆ ಬಿಟ್ಟುಬಿಡಿ. ಮೇಲಿನ ಅರ್ಧ, ಕೆಳಗಿನ ಅರ್ಧ ಸೇರುವ ಅಂಚಿನ ಸುತ್ತ ಬಿರುಕು ನೋಡಿ. ಇಬ್ಬರು ಎತ್ತಿ ಅಲುಗಿಸಿ, ಒಳಗೆ ಗುಳುಗುಳು ಕೇಳಿಸಿದರೆ ಹಿಂದಿನ ಬಿರಟೆ ಬಿಚ್ಚಿ ಎಷ್ಟು ನೀರು ಬರುತ್ತದೆ ನೋಡಿ.

ಅಲ್ಯೂಮಿನಿಯಂ ಕಂಬಕ್ಕೆ ಸ್ಟೀಲ್ ರಿವೆಟ್ ಹೊಡೆದಲ್ಲಿ ಉಪ್ಪುನೀರಿಗೆ ಬಿಳಿ ಪುಡಿ ಏಳುತ್ತದೆ. ಎರಡು ಲೋಹ ಒಟ್ಟಿಗೆ ಇದ್ದು ನಡುವೆ ಉಪ್ಪು ಸೇರಿದರೆ ಅಲ್ಯೂಮಿನಿಯಂ ಕರಗುತ್ತಾ ಬರುತ್ತದೆ, ಕಂಬ ಮುರಿಯುವುದು ಅಲ್ಲೇ. ಪುಡಿಯನ್ನು ಉಗುರಿನಲ್ಲಿ ಕೆರೆದು ಕೆಳಗೆ ಗುಂಡಿ ಬಿದ್ದಿದೆಯಾ ನೋಡಿ. ಹಾಯಿ ಹಳತಾದರೆ ಚಿಂತೆ ಇಲ್ಲ, ಕಲಿಯಲಿಕ್ಕೆ ಅದು ಸಾಕು. ಚಕ್ರದ ಟ್ರಾಲಿ ಜತೆಗೆ ಕೊಡುತ್ತಾರಾ ಕೇಳಿ. ಕೊಡದಿದ್ದರೆ ಬೆಲೆ ಇಳಿಸಿ, ಟ್ರಾಲಿ ಇಲ್ಲದೆ 59 ಕಿಲೋವನ್ನು ಮರಳಿನಲ್ಲಿ ಎಳೆದವನು ಎರಡನೆಯ ವಾರ ಬರುವುದಿಲ್ಲ.

ದೋಣಿಗಿಂತ ಮೊದಲು ಒಂದು ವಾರ ರಜೆ ಹಾಕಿ ಕಲಿತು ಬನ್ನಿ. ಮಂಗಳೂರು–ಚೆನ್ನೈ ಮೈಲ್ ಹತ್ತಿದರೆ ಚೆನ್ನೈ, ಅಲ್ಲಿ 1911ರಿಂದ ರಾಯಲ್ ಮದ್ರಾಸ್ ಯಾಟ್ ಕ್ಲಬ್ ಉಂಟು. ಹೈದರಾಬಾದಿನ ಹುಸೇನ್ ಸಾಗರದಲ್ಲಿಯೂ ಕಲಿಸುತ್ತಾರೆ. ಅಲ್ಲಿ ಬೇರೆ ಬೇರೆ ದೋಣಿ ಹತ್ತಿ ಇಳಿದರೆ ನಿಮ್ಮ ಮೈಗೆ ಯಾವುದು ಎಂದು ನಿಮಗೇ ತಿಳಿಯುತ್ತದೆ, ನನ್ನ ಇಷ್ಟುದ್ದದ ಮಾತು ಬೇಕಾಗುವುದಿಲ್ಲ. ಲೈಫ್ ಜಾಕೆಟಿಗೆ ದುಡ್ಡು ಉಳಿಸಬೇಡಿ. ಫೋಮಿನದ್ದೇ ಇರಲಿ, ಗಾಳಿ ತುಂಬಿಕೊಳ್ಳುವಂಥದ್ದು ಬೇಡ. 50 ನ್ಯೂಟನ್ನಿನದ್ದು (ನ್ಯೂಟನ್ ಎಂದರೆ ತೇಲಿಸುವ ಬಲದ ಅಳತೆ) ಈಜು ಬಲ್ಲವರಿಗೆ ಮಾತ್ರ. ಈಜು ಬಾರದಿದ್ದರೆ ಮೊದಲು ಈಜು, ಆಮೇಲೆ ದೋಣಿ. ನೀರಿಗಿಳಿಸುವ ಮುನ್ನ ಬಂದರು ಕಚೇರಿಯಲ್ಲಿ ನಿಯಮ ಕೇಳಿಕೊಂಡು, ಕರಾವಳಿ ಪೊಲೀಸರಿಗೆ ಒಂದು ಮಾತು ಹೇಳಿ ಇಡಿ. ಕೋಸ್ಟ್ ಗಾರ್ಡಿನ 1554 ನಂಬರ್ ಫೋನಿನಲ್ಲಿ ಇರಲಿ, ಫೋನು ನೀರು ಹೋಗದ ಚೀಲದಲ್ಲಿ ಇರಲಿ. ಮತ್ತೆ, ಹಿನ್ನೀರಿನ ಮೇಲೆ ಅಲ್ಲಲ್ಲಿ ಕರೆಂಟಿನ ತಂತಿ ಹಾದು ಹೋಗುತ್ತದೆ. ನಿಮ್ಮದು ಅಲ್ಯೂಮಿನಿಯಂ ಕಂಬ. ಎಲ್ಲೆಲ್ಲಿ ತಂತಿ ಉಂಟು ಎಂದು ಮೊದಲು ಒಂದು ದಿನ ದಡದಲ್ಲಿ ನಡೆದು ನೋಡಿಕೊಳ್ಳಿ, ದೋಣಿ ಎಳೆದು ತರುವ ದಾರಿಯ ಮೇಲೂ ನೋಡಿ.

ಕಡೆಗೆ ನನ್ನನ್ನು ಒಂದೇ ಹೆಸರು ಹೇಳು ಎಂದರೆ, 55ರಿಂದ 85 ಕಿಲೋದ ಒಳಗಿನ, ಮೊಣಕಾಲು ಸರಿ ಇರುವ ಯಾರಿಗೇ ಆಗಲಿ ಹಳೆಯ ಲೇಸರ್ ಒಡಲು, ರೇಡಿಯಲ್ ಹಾಯಿ. ಅದಕ್ಕಿಂತ ಭಾರ ಇದ್ದವರು ಅಥವಾ ಆರಾಮ ಬೇಕಾದವರು ಸನ್‌ಫಿಶ್ ಸಿಗುವ ತನಕ ಕಾಯಬಹುದು, ಕಾಯಲು ಆಗದಿದ್ದರೆ ಅವರಿಗೂ ಲೇಸರೇ. ತಗೊಳ್ಳುವುದಾದರೆ ನವೆಂಬರ್ ಒಳಗೆ ತಗೊಳ್ಳಿ, ಪೂರ್ತಿ ಒಂದು ಸೀಸನ್ ಸಿಗುತ್ತದೆ. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಯಿರಿ, ಹಾಯಿಯನ್ನು ಬಿಸಿಲಿನಲ್ಲಿ ಬಿಡದೆ ಸುರುಳಿ ಸುತ್ತಿ ಇಡಿ. ಮೇ ಕೊನೆಗೆ ಬಿರಟೆ ಬಿಚ್ಚಿ, ಮಗುಚಿ ಹಾಕಿ, ಮಳೆಗಾಲ ಕಳೆಯುವ ತನಕ ಮುಟ್ಟಬೇಡಿ. ನನ್ನದು ಈ ಸಲ ಏಪ್ರಿಲ್‌ನಲ್ಲೇ ಅಂಗಳದಲ್ಲಿ ಮಗುಚಿ ಬಿದ್ದಿತ್ತು, ಚುಕ್ಕಾಣಿಯ ಸ್ಕ್ರೂ ಒಂದು ತುಕ್ಕು ಹಿಡಿದು ರಿಪೇರಿಗೆ. ಒಂದು ಮಧ್ಯಾಹ್ನ ಬಂದು ನೋಡುತ್ತೇನೆ, ಅಮ್ಮ ಅದರ ಮೇಲೆ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸಿದ್ದಾರೆ. ಎತ್ತರಕ್ಕೆ ಉಂಟು, ಕೋಳಿ ಹತ್ತುವುದಿಲ್ಲ ಅಂತೆ. ಸ್ಕ್ರೂ ಬಂದು ಹದಿನೈದು ದಿನ ಆದರೂ ಹಪ್ಪಳ ಮುಗಿಯುವ ತನಕ ದೋಣಿ ಎತ್ತಲು ಬಿಡಲಿಲ್ಲ.